ಕಡಲೂರಿನಲ್ಲಿ ಇಟಾಲಿಯನ್ ಕಲಿಯುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಇಟಲಿಯ ಕಡಲತೀರದ ಊರೊಂದರಲ್ಲಿ ಕೆಲವು ವಾರ ಇದ್ದು ಅಲ್ಲಿಯ ಭಾಷೆಯನ್ನು ಕಲಿಯುವ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಅಧ್ಯಾಪಕಿ. ಇಟಾಲಿಯನ್ ಕಲಿಯಬೇಕೆಂಬುದು ಬಹುಕಾಲದ ಆಸೆ. ಒಂದು ತಿಂಗಳು ಅಲ್ಲಿಯೇ ಉಳಿದು, ಬೆಳಿಗ್ಗೆ ತರಗತಿಗೆ ಹೋಗಿ, ಉಳಿದ ಹೊತ್ತು ಊರು ನೋಡಬೇಕೆಂದಿದ್ದೇನೆ. ಕರಾವಳಿಯವಳಾದ ನನಗೆ ಕಡಲ ಬದಿಯ ಊರಾದರೆ ಸಂತೋಷ. ಆದರೆ ಕೇಳಿದವರೆಲ್ಲ ಫ್ಲಾರೆನ್ಸಿಗೇ ಹೋಗಿ ಎನ್ನುತ್ತಾರೆ. ಯಾವ ಊರು, ಯಾವ ತಿಂಗಳು ಒಳ್ಳೆಯದು? ಈ ವಯಸ್ಸಿನಲ್ಲಿ ಹುಡುಗರ ನಡುವೆ ಕೂರುವುದು ಸರಿಹೋದೀತೇ?
(ಓದುಗರೊಬ್ಬರು, ಕುಂದಾಪುರ)

ಉತ್ತರ: ವಯಸ್ಸಿನ ಚಿಂತೆಯನ್ನು ಮೊದಲು ಬಿಡಿ. ಇಟಲಿಯ ಭಾಷಾ ಶಾಲೆಗಳಿಗೆ, ಅದರಲ್ಲಿಯೂ ಕಡಲೂರುಗಳ ಶಾಲೆಗಳಿಗೆ, ನಿವೃತ್ತರು ಬರುವುದು ಸಾಮಾನ್ಯ ಸಂಗತಿ. ಬೇಸಿಗೆ ರಜೆ ಮುಗಿದ ಮೇಲಂತೂ ತರಗತಿಯಲ್ಲಿ ಹಿರಿಯರೇ ಹೆಚ್ಚಾಗಿ ಕಾಣುತ್ತಾರೆ. ಮೇಲಾಗಿ, ಜೀವನವಿಡೀ ಪಾಠ ಹೇಳಿದವರಿಗೆ ಪಾಠ ಕೇಳುವ ಶಿಸ್ತು ತಾನಾಗಿಯೇ ಇರುತ್ತದೆ.

ಫ್ಲಾರೆನ್ಸಿನ ಹೆಸರನ್ನು ಎಲ್ಲರೂ ಹೇಳುವುದಕ್ಕೆ ಕಾರಣವಿದೆ. ಇಂದಿನ ಶಿಷ್ಟ ಇಟಾಲಿಯನ್ ಭಾಷೆ, ಫ್ಲಾರೆನ್ಸ್ ಇರುವ ತಸ್ಕನಿ ಪ್ರಾಂತದ 14ನೇ ಶತಮಾನದ ಸಾಹಿತ್ಯ ಭಾಷೆಯ ತಳಹದಿಯ ಮೇಲೆ ಬೆಳೆದದ್ದು. ಆದರೆ ಇಂದು ತರಬೇತಿ ಪಡೆದ ಅಧ್ಯಾಪಕರು ಇಟಲಿಯ ಯಾವ ಮೂಲೆಯಲ್ಲಿ ಪಾಠ ಹೇಳಿದರೂ ಅದೇ ಶಿಷ್ಟ ಭಾಷೆಯನ್ನೇ ಕಲಿಸುತ್ತಾರೆ. ಫ್ಲಾರೆನ್ಸಿನ ತೊಡಕು ತರಗತಿಯಲ್ಲಿಲ್ಲ, ಬೀದಿಯಲ್ಲಿದೆ: ವರ್ಷವಿಡೀ ಪ್ರವಾಸಿಗಳು ಮತ್ತು ವಿದೇಶಿ ವಿದ್ಯಾರ್ಥಿಗಳು ತುಂಬಿರುವ ಆ ನಗರದಲ್ಲಿ ನೀವು ತಡವರಿಸಿದ ಕೂಡಲೇ ಅಂಗಡಿಯವರು ಇಂಗ್ಲಿಷಿಗೆ ತಿರುಗಿಬಿಡುತ್ತಾರೆ, ಬೆಳಿಗ್ಗೆ ಕಲಿತ ವಾಕ್ಯಕ್ಕೆ ಸಂಜೆ ಕೆಲಸವೇ ಸಿಗುವುದಿಲ್ಲ. ಆದ್ದರಿಂದ ಊರನ್ನು ಆರಿಸುವಾಗ ಅದು ಎಷ್ಟು ಸುಂದರ ಎಂದು ಕೇಳುವುದಕ್ಕಿಂತ, ಅಲ್ಲಿ ನನಗೆ ಇಟಾಲಿಯನ್ ಆಡದೆ ವಿಧಿಯಿಲ್ಲವೇ ಎಂದು ಕೇಳುವುದು ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ದೃಷ್ಟಿಯಿಂದ ನಾನು ನಿಮಗೆ ಸೂಚಿಸುವ ಊರು ನೇಪಲ್ಸಿನ ದಕ್ಷಿಣಕ್ಕಿರುವ ಸಲೆರ್ನೊ. ಅಮಾಲ್ಫಿ ಕರಾವಳಿಗೆ ಹೋಗುವ ಪ್ರವಾಸಿಗಳು ಇಲ್ಲಿ ರೈಲಿನಿಂದಿಳಿದು, ಬಂದರಿನಲ್ಲಿ ದೋಣಿ ಹತ್ತಿ ಮುಂದೆ ಸಾಗುತ್ತಾರೆ; ಊರು ಮಾತ್ರ ತನ್ನ ದಿನಚರಿಯಲ್ಲಿ ತಾನಿರುತ್ತದೆ. ಬಂದರು, ಕಚೇರಿ, ಶಾಲೆ, ಸಂತೆ ಎಂದು ಓಡಾಡುವ ಸ್ಥಳೀಯರ ನಡುವೆ ನೀವಿರುತ್ತೀರಿ. ಹೋಲಿಕೆಗಾಗಿ ಹೇಳುವುದಾದರೆ, ಆ ಕರಾವಳಿಯ ಊರುಗಳಾದ ಪೊಸಿತಾನೊ ಮತ್ತು ಅಮಾಲ್ಫಿ ಕಣ್ಣಿಗೆ ಹಬ್ಬವಾದರೂ ವಾಸಕ್ಕೆ ದುಬಾರಿ, ಬೀದಿಗಳೆಲ್ಲ ಮೆಟ್ಟಿಲು, ವ್ಯವಹಾರ ಬಹುಪಾಲು ಇಂಗ್ಲಿಷಿನಲ್ಲಿ. ಕಲಾಬ್ರಿಯ ಪ್ರಾಂತದ ತ್ರೊಪೆಯಾ ಬಂಡೆಯ ಮೇಲಿನ ಪುಟ್ಟ ಊರು. ಅಲ್ಲಿಯೂ ಇಟಾಲಿಯನ್ ಕಲಿಸುತ್ತಾರೆ ಮತ್ತು ಅಲ್ಲಿಯ ಕಡಲು ಸಲೆರ್ನೊದ ಕಡಲಿಗಿಂತ ಬಹಳ ಚೆನ್ನ, ಆದರೆ ಚಳಿಗಾಲದಲ್ಲಿ ಊರು ಅರ್ಧಕ್ಕರ್ಧ ಬಾಗಿಲು ಹಾಕಿರುತ್ತದೆ. ಉತ್ತರದ ತ್ರಿಯೆಸ್ತೆ ಬೇರೆಯದೇ ಸ್ವಭಾವದ ನಗರ. ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ ಅವರು 1964ರಲ್ಲಿ ಅಲ್ಲಿ ಕಟ್ಟಿದ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರದ ದೆಸೆಯಿಂದ ಭಾರತದ ವಿಜ್ಞಾನಿಗಳಿಗೆ ಅದು ಪರಿಚಿತವಾದರೂ, ಬೊರಾ ಎಂಬ ಅಲ್ಲಿಯ ಚಳಿಗಾಳಿ ಕರಾವಳಿಯ ಸೆಕೆಗೆ ಒಗ್ಗಿದವರಿಗೆ ಕಷ್ಟ.

ಸಲೆರ್ನೊ ತಲುಪುವುದು ಸುಲಭ. ರೋಮಿನಿಂದ ವೇಗದ ರೈಲಿನಲ್ಲಿ ಸುಮಾರು 2 ಗಂಟೆ, ನೇಪಲ್ಸಿನಿಂದ ಮುಕ್ಕಾಲು ಗಂಟೆಯ ಆಸುಪಾಸು. ನಿಲ್ದಾಣದಿಂದ ಹಳೆಯ ಊರಿಗೂ ಕಡಲಿಗೂ ನಡೆದೇ ಹೋಗಬಹುದು. ಕಡಲ ಗುಂಟ ಮರಗಳ ಸಾಲಿನ ಅಗಲವಾದ ಕಾಲುದಾರಿಯಿದೆ, ಅದನ್ನು ಲುಂಗೊಮಾರೆ ಎನ್ನುತ್ತಾರೆ. ಸಂಜೆಯಾದರೆ ಇಡೀ ಊರು ಅಲ್ಲಿ ನಡೆಯುತ್ತಿರುತ್ತದೆ. ಒಂದು ಮಾತನ್ನು ಮುಂಚಿತವಾಗಿಯೇ ಹೇಳಬೇಕು: ನಗರದೊಳಗಿನ ಮರಳದಂಡೆ ಸಾಧಾರಣವಾದದ್ದು. ಈಜುವ ಆಸೆಯಿದ್ದರೆ ಪಕ್ಕದ ವಿಯೆತ್ರಿ ಸುಲ್ ಮಾರೆಗೋ, ಇನ್ನೂ ಸ್ವಲ್ಪ ಮುಂದೆ ಮೀನುಗಾರರ ಊರಾದ ಚೆತಾರಾಕ್ಕೋ ಹೋಗಬೇಕು. ವಿಯೆತ್ರಿಯ ಬಣ್ಣದ ಪಿಂಗಾಣಿಯ ಕೆಲಸ ಹೆಸರಾದದ್ದು. ಅಂಗಡಿಗಳ ಹಿಂದೆಯೇ ಕೆಲಸದ ಮನೆಗಳಿರುತ್ತವೆ, ಕೇಳಿದರೆ ತೋರಿಸುತ್ತಾರೆ.

ತಿಂಗಳ ವಿಷಯದಲ್ಲಿ ಮೇ, ಜೂನ್ ಅಥವಾ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗಿನ ದಿನಗಳನ್ನು ಆರಿಸಿ. ಆಗಸ್ಟ್ ಬೇಡವೇ ಬೇಡ: ಆ ತಿಂಗಳ 15ರ ಹಬ್ಬದ ಸುತ್ತಮುತ್ತ ಇಟಲಿಯವರೆಲ್ಲ ರಜೆಯಲ್ಲಿರುತ್ತಾರೆ, ನೀವು ಮಾತಾಡಿಸಬೇಕಾದ ಅಂಗಡಿಗಳೇ ಮುಚ್ಚಿರುತ್ತವೆ, ಸೆಕೆಯೂ ವಿಪರೀತ. ನವೆಂಬರಿನಿಂದ ಜನವರಿಯವರೆಗೆ ಬೀದಿಗಳಲ್ಲಿ ದೀಪಾಲಂಕಾರದ ಉತ್ಸವ ನಡೆಯುವುದರಿಂದ ವಾರಾಂತ್ಯದಲ್ಲಿ ಜನಜಂಗುಳಿ ಇರುತ್ತದೆ, ಬಾಡಿಗೆಯೂ ಏರುತ್ತದೆ. ಸೆಪ್ಟೆಂಬರ್ 21ರಂದು ಊರಿನ ರಕ್ಷಕ ಸಂತ ಮತ್ತಾಯನ ಹಬ್ಬ. ಸಂತರ ಪ್ರತಿಮೆಗಳನ್ನು ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ಮೆರವಣಿಗೆ ಮಾಡುತ್ತಾರೆ. ಉತ್ಸವಗಳ ನಡುವೆ ಬೆಳೆದ ನಮ್ಮವರು ನೋಡಲೇಬೇಕಾದದ್ದು ಅದು, ಮತ್ತು ಆ ದಿನ ಪಕ್ಕದಲ್ಲಿ ನಿಂತವರೊಡನೆ ಮಾತಿಗೆ ತೊಡಗುವುದಕ್ಕೆ ಬೇರೆ ನೆಪ ಬೇಕಾಗುವುದಿಲ್ಲ.

ಶಾಲೆಗಳಲ್ಲಿ ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಗುಂಪು ಪಾಠ ನಡೆಯುತ್ತದೆ. ಹಣ ಕಟ್ಟುವ ಮೊದಲು ಎರಡು ಸಂಗತಿಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಒಂದು ಗುಂಪಿನಲ್ಲಿ ಗರಿಷ್ಠ ಎಷ್ಟು ಜನ ಇರುತ್ತಾರೆ ಎಂಬುದು ಮೊದಲನೆಯದು. ನಿಮ್ಮ ಮಟ್ಟದವರು ಬೇರಾರೂ ಬರದಿದ್ದರೆ ಏನು ಮಾಡುತ್ತಾರೆ ಎಂಬುದು ಎರಡನೆಯದು. ಜನ ಕಡಿಮೆಯಿರುವ ತಿಂಗಳುಗಳಲ್ಲಿ ಕೆಲವು ಶಾಲೆಗಳು ಒಬ್ಬರಿಗೇ ಪಾಠ ಹೇಳಿ, ಅದಕ್ಕೆ ಪ್ರತಿಯಾಗಿ ಗಂಟೆಗಳನ್ನು ಕಡಿತಗೊಳಿಸುತ್ತವೆ. ಅದು ಅನ್ಯಾಯವೇನಲ್ಲ, ಒಬ್ಬರೇ ಕಲಿಯುವುದರಲ್ಲಿ ಲಾಭವೂ ಇದೆ, ಆದರೆ ಮೊದಲೇ ತಿಳಿದಿರಬೇಕು.

ಇನ್ನು ಮಧ್ಯಾಹ್ನದ ವಿಷಯ. ಕಲಿಕೆಯ ಬಹುಭಾಗ ಆಗುವುದು ಆಗಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಊಟದ ನಂತರ ಅಂಗಡಿಗಳು ಬಾಗಿಲೆಳೆದು ಊರು ಮಲಗುವ ಹೊತ್ತನ್ನು ದಕ್ಷಿಣ ಇಟಲಿಯಲ್ಲಿ ಕೊಂತ್ರೋರಾ ಎನ್ನುತ್ತಾರೆ. ಆ ಹೊತ್ತನ್ನು ಮನೆಪಾಠಕ್ಕೆ ಇಟ್ಟುಕೊಳ್ಳಿ. ನಾಲ್ಕೂವರೆ, ಐದರ ಹೊತ್ತಿಗೆ ಹೊರಟು ದಿನಕ್ಕೊಂದು ಕೆಲಸವನ್ನು ಇಟಾಲಿಯನ್ನಿನಲ್ಲಿಯೇ ಮಾಡಿ ಮುಗಿಸುವ ನಿಯಮ ಹಾಕಿಕೊಳ್ಳಿ: ಒಂದು ದಿನ ಚಪ್ಪಲಿ ಹೊಲಿಸುವುದು, ಮರುದಿನ ಔಷಧಿ ಅಂಗಡಿಯಲ್ಲಿ ನೆಗಡಿಗೆ ಮಾತ್ರೆ ಕೇಳುವುದು, ಇನ್ನೊಂದು ದಿನ ಗ್ರಂಥಾಲಯದ ಸದಸ್ಯತ್ವದ ಬಗ್ಗೆ ವಿಚಾರಿಸುವುದು. ಬೇಕಾದ ಐದಾರು ವಾಕ್ಯಗಳನ್ನು ಬೆಳಿಗ್ಗೆಯೇ ಅಧ್ಯಾಪಕರಿಂದ ತಿದ್ದಿಸಿಕೊಂಡು ಹೋಗಿ. ಉತ್ತರವಾಗಿ ಕೇಳಿಸಿದ ಹೊಸ ಪದಗಳನ್ನು ಮರುದಿನ ತರಗತಿಗೆ ತನ್ನಿ. ಈ ಹೋಗಿಬರುವಿಕೆಯಿಲ್ಲದ ಒಂದು ತಿಂಗಳ ಕಲಿಕೆ ಬೆಂಗಳೂರಿನಲ್ಲಿಯೇ ಕುಳಿತು ಮಾಡಿದ ಕಲಿಕೆಗಿಂತ ಹೆಚ್ಚಿನದಾಗುವುದಿಲ್ಲ.

ನೋಡುವ ಸ್ಥಳಗಳನ್ನೂ ಪಾಠವಾಗಿಸಿಕೊಳ್ಳಬಹುದು. ಮಧ್ಯಯುಗದಲ್ಲಿ ಯುರೋಪಿನ ಹೆಸರಾಂತ ವೈದ್ಯ ವಿದ್ಯಾಲಯ ಇದ್ದದ್ದು ಸಲೆರ್ನೊದಲ್ಲಿ. ಉತ್ತರ ಆಫ್ರಿಕದಿಂದ ಬಂದ ಕಾನ್ಸ್ಟಂಟೈನ್ 11ನೇ ಶತಮಾನದಲ್ಲಿ ಅರಬ್ಬಿ ವೈದ್ಯ ಗ್ರಂಥಗಳನ್ನು ಲ್ಯಾಟಿನ್‌ಗೆ ತಂದು ಆ ವಿದ್ಯೆಗೆ ಬಲ ಕೊಟ್ಟ. 12ನೇ ಶತಮಾನದಲ್ಲಿ ತ್ರೋತಾ ಎಂಬ ಮಹಿಳೆ ಅಲ್ಲಿ ವೈದ್ಯೆಯಾಗಿ ಪ್ರಸಿದ್ಧಳಾಗಿದ್ದಳು. ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮಿನೆರ್ವಾ ತೋಟ ಆ ಪರಂಪರೆಯ ನೆನಪು. 14ನೇ ಶತಮಾನದ ಆರಂಭದಲ್ಲಿ ಮತ್ತೆಯೊ ಸಿಲ್ವಾತಿಕೊ ಎಂಬ ವೈದ್ಯ ಅಲ್ಲಿ ಔಷಧಿ ಗಿಡಗಳನ್ನು ಬೆಳೆಸುತ್ತಿದ್ದ. ಈಗಲೂ ಗಿಡಗಳ ಬಳಿ ಹೆಸರು ಬರೆದ ಫಲಕಗಳಿವೆ. ಗಿಡವನ್ನು ಕಣ್ಣೆದುರು ನೋಡುತ್ತ ಹೆಸರು ಓದಿದರೆ ಅದು ಮರೆಯುವುದಿಲ್ಲ. ಅಲ್ಲಿಂದ ಕಾಣುವ ಕೊಲ್ಲಿಯ ನೋಟಕ್ಕಾಗಿಯಾದರೂ ಹತ್ತಬೇಕಾದ ಜಾಗವದು. 11ನೇ ಶತಮಾನದ ಸಂತ ಮತ್ತಾಯನ ದೇವಾಲಯ ಹಳೆಯ ಊರಿನ ನಡುವೆಯೇ ಇದೆ. ಒಂದು ಭಾನುವಾರವನ್ನು ರೈಲಿನಲ್ಲಿ ಪೆಸ್ತುಮ್‌ಗೆ ಹೋಗಲು ಮೀಸಲಿಡಿ: ಗ್ರೀಕರು ಕಟ್ಟಿದ ಮೂರು ಕಲ್ಲಿನ ದೇಗುಲಗಳು ಎರಡೂವರೆ ಸಾವಿರ ವರ್ಷಗಳ ನಂತರವೂ ಬಯಲಿನಲ್ಲಿ ನೆಟ್ಟಗೆ ನಿಂತಿವೆ. ಪ್ರಾದೇಶಿಕ ರೈಲಿಗೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಅದಕ್ಕೆ ಮುದ್ರೆ ಹಾಕಿಸಬೇಕು; ಮರೆತರೆ ದಂಡ ತೆರಬೇಕಾಗುತ್ತದೆ.

ಪ್ರಶ್ನೆ: ಇಂಗ್ಲಿಷ್ ಮೂಲಕ ಇಟಾಲಿಯನ್ ಕಲಿಯುತ್ತಿದ್ದೇನೆ. ‘ನನಗೆ ಇಷ್ಟ’ ಎಂಬಂಥ ಸರಳ ವಾಕ್ಯಗಳಲ್ಲಿಯೂ ತಪ್ಪುತ್ತೇನೆ. ಮುಂದಿನ ವರ್ಷ ಸಲೆರ್ನೊಗೆ ಹೋಗುವ ಮೊದಲು ಬುನಾದಿ ಗಟ್ಟಿಯಾಗಬೇಕು. ಕನ್ನಡ ಬಲ್ಲವರಿಗೆ ಏನಾದರೂ ಅನುಕೂಲವಿದೆಯೇ? ಅಲ್ಲಿಯ ಜನ ಬೇರೆ ಭಾಷೆ ಆಡುತ್ತಾರಂತೆ, ನಿಜವೇ?
(ವಿದ್ಯಾರ್ಥಿ, ಧಾರವಾಡ)

ಉತ್ತರ: ಅನುಕೂಲವಿದೆ, ಮತ್ತು ನೀವು ಹೆಸರಿಸಿದ ವಾಕ್ಯವೇ ಅದಕ್ಕೆ ಒಳ್ಳೆಯ ಸಾಕ್ಷಿ. ಇಂಗ್ಲಿಷಿನಲ್ಲಿ ಇಷ್ಟಪಡುವವನು ಕರ್ತೃ. ಇಟಾಲಿಯನ್ನಿನಲ್ಲಿ ಹಾಗಲ್ಲ, ‘ಮಿ ಪಿಯಾಚೆ ಇಲ್ ಮಾರೆ’ ಎಂದರೆ ‘ನನಗೆ ಕಡಲು ಇಷ್ಟವಾಗುತ್ತದೆ’. ಪುಸ್ತಕಗಳು ಎಂದು ಬಹುವಚನ ಬಂದರೆ ‘ಮಿ ಪಿಯಾಚ್ಚೊನೊ ಇ ಲೀಬ್ರಿ’, ಅಂದರೆ ‘ನನಗೆ ಪುಸ್ತಕಗಳು ಇಷ್ಟವಾಗುತ್ತವೆ’. ಕ್ರಿಯಾಪದ ಹೊಂದಿಕೊಳ್ಳುವುದು ಕನ್ನಡದಲ್ಲಿರುವಂತೆಯೇ ಪುಸ್ತಕಗಳಿಗೆ, ನನಗಲ್ಲ. ‘ಮಿ ಸೆರ್ವೆ ಉನಾ ಪೆನ್ನಾ’ ಎಂದರೆ ನನಗೊಂದು ಪೆನ್ನು ಬೇಕು. ‘ಮಿ ಫಾ ಮಾಲೆ ಲಾ ತೆಸ್ತಾ’ ಎಂದರೆ ನನಗೆ ತಲೆ ನೋಯುತ್ತಿದೆ. ಇಂಗ್ಲಿಷನ್ನು ನಡುವೆ ತಂದುಕೊಂಡದ್ದರಿಂದಲೇ ನಿಮಗೆ ಇದು ಗೋಜಲಾಗಿದೆ. ನಮ್ಮ ಚತುರ್ಥಿ ವಿಭಕ್ತಿಯಿಂದ ನೇರವಾಗಿ ಅಲ್ಲಿಗೆ ಹೋಗಿ, ತಪ್ಪು ಮುಕ್ಕಾಲುಪಾಲು ಕಡಿಮೆಯಾಗುತ್ತದೆ. ಹಾಗೆಯೇ ‘ಬರುತ್ತೇನೆ’ ಎಂದರೆ ‘ನಾನು’ ಎಂದು ಬಿಡಿಸಿ ಹೇಳಬೇಕಾಗಿಲ್ಲದಿರುವುದು ಎರಡೂ ಭಾಷೆಗಳ ಸಮಾನ ಗುಣ.

ಉಚ್ಚಾರದಲ್ಲಿ ನಮ್ಮ ಲಾಭ ಇನ್ನೂ ದೊಡ್ಡದು. ಒತ್ತಕ್ಷರವನ್ನು ತೂಕವಾಗಿ ನುಡಿಯುವುದು ಇಂಗ್ಲಿಷ್ ಮಾತೃಭಾಷೆಯವರಿಗೆ ಬಹಳ ಕಾಲ ಬಗ್ಗದ ವಿದ್ಯೆ. ನಮಗೆ ಅದು ಬಾಲ್ಯದಿಂದಲೇ ಬಂದಿರುತ್ತದೆ. ‘ಕಾಸಾ’ ಎಂದರೆ ಮನೆ, ‘ಕಸ್ಸಾ’ ಎಂದರೆ ಹಣ ಕಟ್ಟುವ ಜಾಗ. ‘ಪಾಲಾ’ ಸಲಿಕೆ, ‘ಪಲ್ಲಾ’ ಚೆಂಡು. ಬಚ್ಚಲಿಗೆ ಹೇಳುವ ‘ಬಾಞ್ಞೊ’ ಎಂಬ ಪದದಲ್ಲಿ ವರ್ಣಮಾಲೆಯಲ್ಲಿ ಕಲಿತು ಮರೆತ ಞಕಾರಕ್ಕೂ ಕೆಲಸವಿದೆ. ಒಂದು ಎಚ್ಚರಿಕೆ: ರೋಮನ್ ಅಕ್ಷರದಲ್ಲಿ ಟಿ, ಡಿ ಕಂಡ ಕೂಡಲೇ ನಾವು ಟ, ಡ ಎಂದು ನುಡಿಯುತ್ತೇವೆ. ಇಟಾಲಿಯನ್ನಿನಲ್ಲಿ ಅವು ಯಾವಾಗಲೂ ತ, ದ. ಆದ್ದರಿಂದ ಮೊದಲ ಕೆಲವು ವಾರ ಹೊಸ ಪದಗಳ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಅತ್ಯಂತ ಒಳ್ಳೆಯ ಅಭ್ಯಾಸ.

ಕಷ್ಟಗಳೂ ಇವೆ, ಅವನ್ನು ಮರೆಮಾಚುವುದು ಸರಿಯಲ್ಲ. ನಿರ್ಜೀವ ವಸ್ತುಗಳೆಲ್ಲ ನಮಗೆ ನಪುಂಸಕ ಲಿಂಗ. ಅಲ್ಲಿ ಕಡಲು ಪುಲ್ಲಿಂಗ, ಮರಳದಂಡೆ ಸ್ತ್ರೀಲಿಂಗ. ಕೊನೆಯಲ್ಲಿ ‘ಆ’ ಬಂದರೆ ಸ್ತ್ರೀಲಿಂಗವೆಂಬ ಸಾಮಾನ್ಯ ನಿಯಮವೂ ‘ಪ್ರೊಬ್ಲೇಮಾ’ ಎಂಬಲ್ಲಿ ಮುರಿಯುತ್ತದೆ; ‘ಓ’ ಬಂದರೂ ಕೈ ಎಂಬ ಅರ್ಥದ ‘ಮಾನೊ’ ಸ್ತ್ರೀಲಿಂಗವೇ. ಪದದ ಯಾವ ಅಕ್ಷರದ ಮೇಲೆ ಒತ್ತು ಬೀಳಬೇಕು ಎಂಬುದೂ ನಮ್ಮ ಕಿವಿಗೆ ಹೊಸತು. ‘ಅಂಕೊರಾ’ ಎಂಬುದನ್ನು ಮೊದಲಕ್ಷರ ಒತ್ತಿ ನುಡಿದರೆ ಹಡಗಿನ ಲಂಗರು, ನಡುವಿನಕ್ಷರ ಒತ್ತಿದರೆ ‘ಇನ್ನೂ’ ಎಂಬ ಅರ್ಥ. ಇದಕ್ಕೆ ಅಡ್ಡದಾರಿಯಿಲ್ಲ. ಪ್ರತಿಯೊಂದು ನಾಮಪದವನ್ನೂ ಅದಕ್ಕೂ ಮೊದಲು ಬರುವ ‘ಇಲ್’, ‘ಲಾ’ದಂಥ ಉಪಪದದೊಡನೆ, ಗಟ್ಟಿಯಾಗಿ ಹೇಳಿಕೊಂಡೇ ಕಲಿಯಬೇಕು.

ಸಲೆರ್ನೊದವರ ಆಡುನುಡಿಯ ಬಗ್ಗೆ ನೀವು ಕೇಳಿದ್ದು ನಿಜ. ನೇಪಲ್ಸಿನ ಬಳಗಕ್ಕೆ ಸೇರಿದ ಆ ನುಡಿಯಲ್ಲಿ ಪದದ ಕೊನೆಯ ಸ್ವರ ಅಡಗಿಹೋಗುತ್ತದೆ, ಮನೆಯಲ್ಲಿ ಮತ್ತು ಸಂತೆಯಲ್ಲಿ ಅವರವರು ಆಡಿಕೊಳ್ಳುವುದು ಆರಂಭದಲ್ಲಿ ತಿಳಿಯುವುದೇ ಇಲ್ಲ. ಆದರೆ ಹೊರಗಿನವರೊಡನೆ ಅವರು ಇಟಾಲಿಯನ್ ಭಾಷೆಯಲ್ಲೇ ಮಾತಾಡುತ್ತಾರೆ, ಉಚ್ಚಾರ ಮಾತ್ರ ಆ ಸೀಮೆಯದು. ಧಾರವಾಡದ ನುಡಿಯನ್ನೂ ಪುಸ್ತಕದ ಕನ್ನಡವನ್ನೂ ಒಟ್ಟಿಗೆ ಬಲ್ಲ ನಿಮಗೆ ಈ ಸ್ಥಿತಿ ಹೊಸತಾಗಬಾರದು. ಗೌರವದ ಮಾತಿನಲ್ಲಿ ಮಾತ್ರ ಒಂದು ವ್ಯತ್ಯಾಸ ಗಮನಿಸಿ. ತರಗತಿಯಲ್ಲಿ ಅಪರಿಚಿತರಿಗೆ ‘ಲೇಯ್’ ಎಂಬ ಏಕವಚನದ ಗೌರವರೂಪವನ್ನು ಕಲಿಸುತ್ತಾರೆ. ಆ ಭಾಗದ ಹಿರಿಯರು ಈಗಲೂ ನಮ್ಮ ‘ನೀವು’ ಹಾಗೆ ಬಹುವಚನದ ‘ವೊಯ್’ ಬಳಸುವುದುಂಟು. ನೀವು ಲೇಯ್ ಎಂದೇ ಮಾತಾಡಿ, ಅವರು ವೊಯ್ ಎಂದರೆ ಒಬ್ಬನನ್ನೇ ಬಹುವಚನದಲ್ಲಿ ಏಕೆ ಕರೆದರೆಂದು ಗೊಂದಲಪಡಬೇಡಿ.

ಪ್ರಶ್ನೆ: ನಾವು ದಂಪತಿಗಳು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಸ್ಥಳೀಯರ ಮನೆಯಲ್ಲಿ ಉಳಿದರೆ ಭಾಷೆ ಬೇಗ ಬರುತ್ತದೆಂದು ಹೇಳುತ್ತಾರೆ. ಊಟದ ಗತಿಯೇನು?
(ಓದುಗರು, ಮೈಸೂರು)

ಉತ್ತರ: ಮನೆಯಲ್ಲಿ ಉಳಿದರೆ ಭಾಷೆ ಬೇಗ ಬರುವುದು ನಿಜ, ಆದರೆ ನಿಮ್ಮ ಆಹಾರ ನಿಯಮಕ್ಕೆ ಅಡುಗೆಮನೆ ಬಳಸಲು ಅನುಮತಿಯಿರುವ ಕೋಣೆಯೇ ಸೂಕ್ತ. ಶಾಲೆಗಳೇ ಇಂಥ ಕೋಣೆಗಳನ್ನು ಹುಡುಕಿಕೊಡುತ್ತವೆ. ಮನೆಯೊಡತಿ ತನ್ನ ಒಲೆಯಲ್ಲಿ, ನೀವು ನಿಮ್ಮ ಒಲೆಯಲ್ಲಿ ಬೇಯಿಸುತ್ತ ಮಾತಾಡುವುದೂ ಒಂದು ಪಾಠವೇ.

ತರಕಾರಿಗೆ ಕೊರತೆಯಿಲ್ಲ. ಹೆಸರಾದ ಸಾನ್ ಮರ್ಸಾನೊ ಟೊಮೆಟೊ ಬೆಳೆಯುವ ಬಯಲಿನ ಬಹುಭಾಗ ಸಲೆರ್ನೊ ಜಿಲ್ಲೆಯಲ್ಲಿಯೇ ಇದೆ, ಅಮಾಲ್ಫಿಯ ನಿಂಬೆ ಪಕ್ಕದ್ದು, ಬದನೆ, ಹುರುಳಿಕಾಯಿ, ಸೊಪ್ಪುಗಳು ಧಾರಾಳ. ಹೊರಗೆ ತಿನ್ನುವಾಗ ಮರಿನಾರಾ ಪಿಜ್ಜಾ ನಿರಾತಂಕ. ಹೆಸರಿನಲ್ಲಿ ಕಡಲಿದ್ದರೂ ಅದರಲ್ಲಿರುವುದು ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ ಸೊಪ್ಪು ಮತ್ತು ಆಲಿವ್ ಎಣ್ಣೆ ಮಾತ್ರ. ಚೀಸಿನ ವಿಷಯದಲ್ಲಿ ನೀವು ಯೋಚಿಸಿ ನಿರ್ಧರಿಸಬೇಕು. ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ, ಸಸ್ಯಮೂಲದ ಹೆಪ್ಪನ್ನು ಅದಕ್ಕೆ ಬಳಸುವಂತಿಲ್ಲ. ಎಮ್ಮೆ ಹಾಲಿನ ಮೊತ್ಸರೆಲ್ಲಾಕ್ಕೂ ಸಾಮಾನ್ಯವಾಗಿ ಅಂಥದೇ ಹೆಪ್ಪು. ಮೆಣಸು ಹಾಕಿದ ತರಾಲ್ಲಿ ಎಂಬ ಕುರುಕಲು ಬಳೆಗಳಲ್ಲಿ ಹಂದಿಯ ಕೊಬ್ಬು ಇರುವುದುಂಟು. ಚೆತಾರಾದ ಹೆಮ್ಮೆಯಾದ ಕೊಲತೂರಾ ಎಂಬುದು ಉಪ್ಪು ಹಾಕಿ ಇಟ್ಟ ಮೀನಿನಿಂದ ಇಳಿದ ರಸ. ತರಕಾರಿ ಹಾಕಿದ ಪಾಸ್ತಾಕ್ಕೂ ಅದನ್ನು ಚಿಮುಕಿಸುತ್ತಾರೆ. ‘ನಾನು ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಸಾಲದು. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಹಂದಿ ಕೊಬ್ಬು ಬೇಡ ಎಂದು ಒಂದೊಂದಾಗಿ ಹೇಳಬೇಕು: ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ, ಸೆಂತ್ಸಾ ಉವೋವಾ, ಸೆಂತ್ಸಾ ಸ್ತ್ರುತ್ತೊ’. ನೇರವಾಗಿ ಹೇಳಿದರೆ ಅಲ್ಲಿಯ ಅಡುಗೆಯವರು ಬೇಸರಿಸುವುದಿಲ್ಲ.

ಪ್ರಶ್ನೆ: ಕೆಲಸಕ್ಕೆ ರಜೆ ಹಾಕಿ ಐದು ತಿಂಗಳು ಕಲಿಯುವ ಯೋಚನೆಯಿದೆ. ಪ್ರವಾಸಿ ವೀಸಾ ಸಾಕೇ? ಕೊನೆಯಲ್ಲಿ ಯಾವ ಪರೀಕ್ಷೆ ಬರೆಯಬೇಕು?
(ಓದುಗರು, ಬೆಂಗಳೂರು)

ಉತ್ತರ: ಸಾಲದು. ಯಾವುದೇ 180 ದಿನಗಳಲ್ಲಿ 90 ದಿನಕ್ಕೆ ಮೀರದ ವಾಸಕ್ಕಷ್ಟೇ ಷೆಂಗೆನ್ (ಇಟಲಿಯೂ ಸೇರಿರುವ ಯುರೋಪಿನ ದೇಶಗಳ ಕೂಟ) ಅಲ್ಪಾವಧಿ ವೀಸಾ. ಅದಕ್ಕೂ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಬೇಕು, ಮತ್ತು ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಕುಂದಾಪುರದ ಓದುಗರಂತೆ ಒಂದು ತಿಂಗಳಿಗೆ ಹೋಗುವವರಿಗೆ ಇದು ಸಾಕು, ಆದರೆ ಅವರೂ ಅರ್ಜಿಯಲ್ಲಿ ಭಾಷಾ ಕಲಿಕೆಯ ಉದ್ದೇಶವನ್ನು ಮುಚ್ಚಿಡದೆ ಬರೆದು ಶಾಲೆಯ ಪತ್ರವನ್ನು ಲಗತ್ತಿಸಬೇಕು. ನಿಮ್ಮ ಐದು ತಿಂಗಳಿಗೆ ವ್ಯಾಸಂಗದ ದೀರ್ಘಾವಧಿ ವೀಸಾ ಬೇಕಾಗುತ್ತದೆ. ಶಾಲೆಯ ಪ್ರವೇಶ ಪತ್ರ, ಶುಲ್ಕ ಕಟ್ಟಿದ ರಸೀದಿ, ಇರುವ ಮನೆಯ ದಾಖಲೆ, ಹಣದ ಪುರಾವೆ ಎಲ್ಲವೂ ಬೇಕಾದ್ದರಿಂದ ಹಲವು ತಿಂಗಳ ಮೊದಲೇ ತೊಡಗಿ. ಇಟಲಿ ತಲುಪಿದ ಮೇಲೆ 8 ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅಂಚೆ ಕಚೇರಿಯ ಮೂಲಕ ಅರ್ಜಿ ಸಲ್ಲಿಸಬೇಕು. ಶಾಲೆಯವರು ನಮೂನೆ ತುಂಬಲು ನೆರವಾಗುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ವೀಸಾ ನಿಯಮಗಳು ಬದಲಾಗುವುದುಂಟು, ಅರ್ಜಿ ಹಾಕುವ ದಿನದ ನಿಯಮವನ್ನು ಇಟಲಿಯ ಕಾನ್ಸುಲೇಟಿನ ಪ್ರಕಟಣೆಯಲ್ಲಿಯೇ ಓದಿ.

ಪರೀಕ್ಷೆಗಳಲ್ಲಿ ಸಿಯೆನಾ ನಗರದ ವಿದೇಶಿಯರ ವಿಶ್ವವಿದ್ಯಾಲಯ ನಡೆಸುವ ಚಿಲ್ಸ್, ಪೆರುಜಾದ ಅಂಥದೇ ವಿಶ್ವವಿದ್ಯಾಲಯದ ಚೆಲಿ ಮತ್ತು 1889ರಲ್ಲಿ ಸ್ಥಾಪನೆಯಾದ ದಾಂತೆ ಅಲಿಗಿಯೇರಿ ಸಂಘದ ಪ್ಲೀದಾ ಹೆಸರಾದವು. ಮೂರಕ್ಕೂ ಮನ್ನಣೆಯಿದೆ; ನಿಮ್ಮ ಊರಿಗೆ ಹತ್ತಿರದ ಕೇಂದ್ರದಲ್ಲಿ, ನಿಮಗೆ ಒಗ್ಗುವ ದಿನಾಂಕದಲ್ಲಿ ಯಾವುದು ಇದೆಯೋ ಅದನ್ನು ಬರೆಯಿರಿ. ಇಟಾಲಿಯನ್ ಮಾಧ್ಯಮದ ಪದವಿ ವ್ಯಾಸಂಗಕ್ಕೆ ಸಾಮಾನ್ಯವಾಗಿ ಬಿ2 ಮಟ್ಟ (ಎ1ರಿಂದ ಸಿ2ರವರೆಗಿನ ಆರು ಯುರೋಪಿಯನ್ ಭಾಷಾ ಮಟ್ಟಗಳಲ್ಲಿ ನಾಲ್ಕನೆಯದು) ಕೇಳುತ್ತಾರೆ. ಏನೂ ಬಾರದೆ ಹೋದವರು ಐದು ತಿಂಗಳಲ್ಲಿ ಅಲ್ಲಿಗೆ ತಲುಪುವುದು ಕಠಿಣ; ಬೆಂಗಳೂರಿನಲ್ಲಿಯೇ ಎರಡನೆಯ ಮಟ್ಟವಾದ ಎ2ರವರೆಗೆ ಕಲಿತು ಹೋದರೆ ಆ ಗುರಿ ಕೈಗೆಟುಕುತ್ತದೆ. ಪರೀಕ್ಷೆಯ ನೋಂದಣಿ ಹಲವು ವಾರಗಳ ಮುಂಚೆಯೇ ಮುಗಿಯುವುದರಿಂದ, ಹೋಗುವ ದಿನವನ್ನು ಗೊತ್ತುಮಾಡುವಾಗಲೇ ಪರೀಕ್ಷೆಯ ದಿನಾಂಕವನ್ನೂ ನೋಡಿಕೊಳ್ಳಿ.